ಅಳತೆ ಕೋಣೆಯ ಕುಂಕುಮ

ಸೆಪ್ಟೆಂಬರ್ 22, ಸೋಮವಾರ

ಇವತ್ತು ಬರೆಯಲು ತಪ್ಪೇ ಸಿಗಲಿಲ್ಲ. ಮಧ್ಯಾಹ್ನ ಮೂರರಿಂದ ಯೋಚಿಸಿದೆ. ಕೊನೆಗೆ ‘ಅಳತೆಯ ಕ್ಯಾಲಿಪರ್ ಒರೆಸದೆ ಡಬ್ಬಿಗೆ ಹಾಕಿದೆ, ಇನ್ನು ಮುಂದೆ ಒರೆಸುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಐದು ಸಾಲು ಗೀಚಿ ಕೊಟ್ಟೆ. ಸುಳ್ಳು. ಒರೆಸಿಯೇ ಹಾಕಿದ್ದೆ.

ಇದೊಂದು ಹೊಸ ಗ್ರಹಚಾರ. ಲೀಡರ್‌ಗಳೆಲ್ಲ ದಿನವೂ ಮನೆಗೆ ಹೊರಡುವ ಮುಂಚೆ ತಮ್ಮದೊಂದು ತಪ್ಪು ಬರೆದು ಕೊಡಬೇಕು. ಹನ್ಸೆಯ್ ಅಂತೆ. ತನ್ನನ್ನು ತಾನೇ ನೋಡಿಕೊಳ್ಳುವುದು ಅಂತೆ. ಒಂಬತ್ತು ವರ್ಷ ಕ್ವಾಲಿಟಿಯಲ್ಲಿ ಕೂತು ಊರವರ ತಪ್ಪು ಹಿಡಿದು ಸಂಬಳ ತೆಗೆದುಕೊಂಡವಳು ನಾನು. ನಿನ್ನ ತಪ್ಪು ಹುಡುಕು ಅಂದರೆ ಎಲ್ಲಿಂದ ತರಲಿ? ಅದಕ್ಕೇ ಈ ಡೈರಿ. ಬ್ಯಾಂಕಿನವರು ಜನವರಿಯಲ್ಲಿ ಕೊಟ್ಟದ್ದು, ಖಾಲಿ ಬಿದ್ದಿತ್ತು. ಅಲ್ಲಿ ಇಂಗ್ಲಿಷಿನ ಐದು ಸಾಲು, ಇಲ್ಲಿ ಉಳಿದ ಹೊಟ್ಟೆಯುರಿ.

ಇದನ್ನು ತಂದವರು ಹೊಸ ಪ್ಲಾಂಟ್ ಹೆಡ್ ಡೇಲ್. ಕಂಪನಿ ಜಪಾನಿನದು, ಮನುಷ್ಯ ಅಮೆರಿಕದವರು. ಹತ್ತೊಂಬತ್ತು ವರ್ಷ ಜಪಾನಿನಲ್ಲಿ ದುಡಿದು ಈಗ ನಾಲ್ಕು ತಿಂಗಳಿಂದ ನಮ್ಮ ಕುಂಬಳಗೋಡಿನಲ್ಲಿ. ಆರಡಿ ಮೂರಿಂಚು. ಎಲ್ಲರೂ ಡೇಲ್ ಸಾನ್ ಎನ್ನಬೇಕು, ‘ಸಾನ್’ ಅಂದರೆ ನಮ್ಮ ‘ಅವರೇ’ ಇದ್ದ ಹಾಗಂತೆ. ಜಪಾನಿನಿಂದ ಫೋನ್ ಬಂದರೆ ಗೋಡೆಯ ಕಡೆ ತಿರುಗಿ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಾರೆ. ಆ ಕಡೆಯವರಿಗೆ ಅದು ಕಾಣುತ್ತದೆಯೇ? ಕ್ಯಾಂಟೀನಿನಲ್ಲಿ ಮುದ್ದೆಗೆ ಕೈ ಮುಗಿದು ಏನೋ ಮಂತ್ರ ಹೇಳಿ ತಿನ್ನುತ್ತಾರೆ. ಕಸಕ್ಕೆ ಐದು ಬಣ್ಣದ ಡಬ್ಬಿ. ಬೆಳಿಗ್ಗೆ ಎಂಟಕ್ಕೆ ಎಲ್ಲರಿಗೂ ಡ್ರಿಲ್. ಅಮೆರಿಕದವರು ಅಂದರೆ ಕಾಲ ಮೇಲೆ ಕಾಲು ಹಾಕಿ ಜೋರಾಗಿ ನಗುವವರು ಅಂದುಕೊಂಡಿದ್ದೆ. ಇವರು ಯಾವ ಸೀಮೆಯ ಅಮೆರಿಕದವರೋ.

ವಾಪಸ್ ಬರುವಾಗ ಬಸ್ಸಿನಲ್ಲಿ ಮುನಿಯಪ್ಪ ಖುಷಿಯಾಗಿದ್ದರು. ಹೌಸ್‌ಕೀಪಿಂಗ್‌ನವರು, ಹನ್ನೆರಡು ವರ್ಷದಿಂದ ಕಾಂಟ್ರಾಕ್ಟ್. ಬಾಪೂಜಿ ನಗರದಲ್ಲಿ ಮನೆ, ನಾನು ದೀಪಾಂಜಲಿ ನಗರದಲ್ಲಿ ಇಳಿದ ಮೇಲಿನ ಸ್ಟಾಪು. ಪರ್ಮನೆಂಟ್ ಮಾಡಲು ಮೂವರ ಹೆಸರು ಆರಿಸಿದ್ದಾರೆ, ಇವರದೂ ಇದೆ. ಲಿಸ್ಟು ಅಕ್ಟೋಬರ್ ಹದಿಮೂರಕ್ಕೆ ಜಪಾನಿಗೆ ಹೋಗುತ್ತದೆ. ವರ್ಷಕ್ಕೆ ಒಂದೇ ಸಲ. ಐವತ್ತೈದು ದಾಟಿದವರಿಗೆ ಇಲ್ಲ. ಇವರಿಗೆ ಈಗ ಐವತ್ತನಾಲ್ಕೂವರೆ.

“ಈ ಸಲ ತಪ್ಪುದ್ರೆ ಇನ್ನಿಲ್ಲ ಮೇಡಂ,” ಎಂದರು. “ನಮ್ಮ ಅಕ್ಕಯ್ಯಮ್ಮ ಆಗ್ಲೇ ಬೀದಿಗೆಲ್ಲ ಹೇಳ್ಕಂಡ್ ಬಂದವ್ಳೆ.”

ಹೆಂಡತಿ ಅಂದರೆ ಹಾಗಿರಬೇಕು. ನನ್ನ ಪ್ರಮೋಷನ್ ಸುದ್ದಿಯನ್ನು ಮೋಹನ್ ತಮ್ಮ ಸ್ವಂತ ಅಕ್ಕನಿಗೇ ಹೇಳಲಿಲ್ಲ.

ಸೆ. 26, ಶುಕ್ರವಾರ

ಡೇಲ್ ಸಾನ್‌ರನ್ನು ಊಟಕ್ಕೆ ಕರೆದಿದ್ದೆ. ಏಳಕ್ಕೆ ಬನ್ನಿ ಅಂದಿದ್ದೆ. ಏಳು ಅಂದರೆ ಏಳೂಮುಕ್ಕಾಲು, ಎಂಟು. ಮೋಹನ್ ಬನಿಯನ್‌ನಲ್ಲಿದ್ದರು, ನಾನು ನೈಟಿಯಲ್ಲಿ. ಕುಕ್ಕರ್ ಇನ್ನೂ ಕೂಗಿರಲಿಲ್ಲ. ಅತ್ತೆ ಕಿಟಕಿಯಿಂದ ನೋಡಿ, “ಲೇ ಲತಾ, ಗೇಟ್ ಮುಂದೆ ಯಾರೋ ಬಿಳಿ ಮನುಷ್ಯ ಗಡಿಯಾರ ನೋಡ್ಕೊಂಡು ನಿಂತವ್ನೆ” ಅಂದರು. ಏಳು ಹೊಡೆಯಿತು. ಬೆಲ್ ಹೊಡೆಯಿತು.

ಅಯ್ಯೋ ರಾಮಾ.

ಬಾಗಿಲಲ್ಲಿ ಶೂ ಬಿಚ್ಚಿ, ಅದನ್ನು ಬೀದಿಗೆ ಮುಖ ಮಾಡಿ ಜೋಡಿಸಿಟ್ಟರು. ಜೊತೆಗೆ ನಮ್ಮೆಲ್ಲರ ಚಪ್ಪಲಿಯನ್ನೂ. “ಬರ್ತಿದ್ದಂಗೆ ಹೊರಡಕ್ಕೆ ರೆಡಿ ಮಾಡ್ಕೊಂಡವ್ರಲ್ಲ,” ಎಂದು ಅತ್ತೆಗೆ ಬೇಸರ. ಇನ್ನೊಂದು ಒಬ್ಬಟ್ಟು ಅಂದರೆ ಮೂರು ಸಲ ಬೇಡ ಅಂದರು, ನಾಲ್ಕನೇ ಸಲಕ್ಕೆ ತೆಗೆದುಕೊಂಡರು. ಜಪಾನಿಗೆ ಹೋದ ಹೊಸದರಲ್ಲಿ ಮೊದಲನೇ ಸಲಕ್ಕೇ ಹೂಂ ಅಂದು ಮನೆಯವರನ್ನೆಲ್ಲ ಗಾಬರಿ ಮಾಡಿದ್ದರಂತೆ. ಅವರಾಗಿ ಹೇಳಿ ಅವರೇ ನಕ್ಕರು. ಆಮೇಲೆ ಎಷ್ಟು ವರ್ಷ ಅಲ್ಲಿದ್ದರೂ ಬೀದಿಯಲ್ಲಿ ಯಾರೋ ಒಬ್ಬರು ನಿಂತು, ಚಾಪ್‌ಸ್ಟಿಕ್ಕಿನಲ್ಲಿ ತಿನ್ನಲು ಬರುತ್ತದಾ ಎಂದು ಕೇಳುವುದು ತಪ್ಪಲಿಲ್ಲವಂತೆ. “ಎಲ್ಲೂ ಒಳಗಿನವನಾಗಲಿಲ್ಲ,” ಎಂದರು. (ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.) ಅದನ್ನು ಹೇಳುವಾಗ ನಗಲಿಲ್ಲ. ನಾನು ಇನ್ನೊಂದು ಒಬ್ಬಟ್ಟು ಹಾಕಿದೆ.

ಸೆ. 29, ಸೋಮವಾರ

ನಾಳೆ ಫ್ಯಾಕ್ಟರಿಯಲ್ಲಿ ಆಯುಧಪೂಜೆ. ಬುಧ, ಗುರು ರಜೆ.

ಇವತ್ತು ಅದಕ್ಕೊಂದು ಮೀಟಿಂಗ್! ಪೂಜೆಯನ್ನು ಹಂತ ಹಂತವಾಗಿ ಹೇಳಿ ಅಂದರು ಡೇಲ್ ಸಾನ್. ಮಷಿನ್ ತೊಳೆಯುವುದು, ಅರಿಶಿನ ಕುಂಕುಮ, ಹೂವು, ಬೂದುಗುಂಬಳ ಒಡೆಯುವುದು, ಕಡ್ಲೆಪುರಿ. ಎಲ್ಲ ಬರೆದುಕೊಂಡರು. ಕುಂಬಳಕಾಯಿ ಗೇಟಿನ ಹೊರಗೆ ಒಡೆಯಿರಿ, ಜಾರಿ ಬೀಳುತ್ತಾರೆ. ಸರಿ. ಕರ್ಪೂರ ಗ್ಯಾಸ್ ಲೈನಿನಿಂದ ದೂರ. ಸರಿ.

“ಅಳತೆ ಕೋಣೆಯೊಳಗೆ ಮಾತ್ರ ಏನೂ ಬೇಡ. ಹೂವು, ಪುಡಿ, ಹೊಗೆ, ಯಾವುದೂ.”

ಆ ಕೋಣೆ ನನ್ನದು. ನಾನೇ ಇನ್‌ಚಾರ್ಜ್. ಸದಾ ಎಸಿ, ಒಳಗೆ ಶೂ ಇಲ್ಲ. ಮಾರ್ಚಿನಲ್ಲಿ ಹೊಸ ಅಳತೆ ಮಷಿನ್ ಬಂದಿದೆ. ಕರಿ ಕಲ್ಲಿನ ಮೇಜು, ಅದರ ಮೇಲೆ ಗಾಳಿಯಲ್ಲೇ ತೇಲಿಕೊಂಡು ಸರಿಯುವ ತೋಳು. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆ ಇದ್ದರೂ ಹಿಡಿಯುತ್ತದೆ.

“ಸರಿ ಸಾರ್,” ಎಂದೆ.

ಸರಿ ಅಂದೆನೇ ಹೊರತು ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಹೊಸ ಮಷಿನ್‌ಗೆ ಮೊದಲ ಆಯುಧಪೂಜೆ. ಹಳೆಯದಕ್ಕೆ ಪ್ರತಿ ವರ್ಷ ನಾನೇ ಇಟ್ಟಿದ್ದೆ, ಒಂದು ದಿನ ಕೈ ಕೊಡಲಿಲ್ಲ ಅದು. ಫೋರ್ಕ್‌ಲಿಫ್ಟ್‌ಗೆ ಹಾರ, ಕಸದ ಗಾಡಿಗೆ ಹಾರ, ಅನ್ನ ಕೊಡುವ ಮಷಿನ್ ಮಾತ್ರ ಬರಿ ಹಣೆಯಲ್ಲಿ ನಿಲ್ಲಬೇಕೇ?

ಸೆ. 30, ಮಂಗಳವಾರ

ಇಟ್ಟೆ.

ಎಲ್ಲರೂ ಕಡ್ಲೆಪುರಿ, ಬೂಂದಿಗೆ ಸಾಲು ನಿಂತಿದ್ದಾಗ ಒಳಗೆ ಹೋದೆ. ಎರಡು ನಿಮಿಷವೂ ಇಲ್ಲ. ಮಷಿನ್‌ನ ಪಕ್ಕದ ಕವರ್ ಮೇಲೆ ಉಂಗುರದ ಬೆರಳಲ್ಲಿ ಒಂದು ಬೊಟ್ಟು ಕುಂಕುಮ. ಒಂದು ಸೇವಂತಿಗೆ ಇಟ್ಟು, ಕೈ ಮುಗಿದು, ಹೂವನ್ನು ವಾಪಸ್ ತೆಗೆದುಕೊಂಡು ಬಂದೆ. ಬೊಟ್ಟನ್ನೂ ಕರ್ಚೀಫಿನಲ್ಲಿ ಒರೆಸಿದೆ. ದೇವರಿಗೂ ಆಯಿತು, ಡೇಲ್ ಸಾನ್‌ಗೂ ಆಯಿತು.

ಮನಸ್ಸು ಹಗುರ. ಡೇಲ್ ಸಾನ್ ಹಣೆಗೆ ಕುಂಕುಮ ಇಡಿಸಿಕೊಂಡು ಇಡೀ ದಿನ ಒರೆಸಲಿಲ್ಲ. ಒಳ್ಳೆಯ ಮನುಷ್ಯ. ಒಂದೇ ಒಂದು ವಿಷಯದಲ್ಲಿ ಹಠ.

ಅ. 3, ಶುಕ್ರವಾರ

ರಜೆ ಮುಗಿದು ಮೊದಲ ದಿನ. ಮಷಿನ್ ನೆಟ್ಟಗಿದೆ. ಚೆನ್ನೈಗೆ ಹೋಗುವ ಲೋಡ್ ಪೂರ್ತಿ ಅಳೆದು ಪಾಸ್ ಮಾಡಿ ಕಳಿಸಿದೆ. ಒಂದೂ ರಿಜೆಕ್ಟ್ ಇಲ್ಲ. ಒಂದೂ! ಪೂಜೆ ಬೇಡ ಅಂದರಲ್ಲ, ನೋಡಲಿ ಈಗ.

ಹನ್ಸೆಯ್: ಫೈಲಿನ ಹೆಸರನ್ನು ಸಣ್ಣಕ್ಷರದಲ್ಲಿ ಬರೆದೆ. (ಇದು ನಿಜ.)

ಅ. 8, ಬುಧವಾರ

ಚೆನ್ನೈ ಕಸ್ಟಮರ್‌ನಿಂದ ಕಂಪ್ಲೇಂಟ್. ಮೂರನೇ ತಾರೀಕಿನ ಲೋಡು. ಆರುನೂರಾ ನಲವತ್ತು ಪೀಸ್, ಅರ್ಧದಷ್ಟು ಅಳತೆ ಮೀರಿವೆ. ಎಲ್ಲವೂ ನನ್ನ ಸಹಿಯಲ್ಲಿ ಪಾಸ್ ಆದವು.

ಒಂದೂ ರಿಜೆಕ್ಟ್ ಇಲ್ಲ ಅಂತ ಕುಣಿದಿದ್ದೆ. ಇರಲಿಲ್ಲ ಅಂತಲ್ಲ, ಮಷಿನ್‌ಗೆ ಕಾಣಲಿಲ್ಲ ಅಂತ ಅರ್ಥ.

ಸಂಜೆ ಮಷಿನ್ ಬಿಚ್ಚುವುದಕ್ಕೆ ಸರ್ವಿಸ್‌ನವರು ಬಂದರು. ನಾಳೆ ಗೊತ್ತಾಗುತ್ತದಂತೆ.

ಅ. 9, ಗುರುವಾರ

ಕುಂಕುಮ.

ತೋಳು ಸರಿಯುವ ದಾರಿಯ ಅಂಚಿನಲ್ಲಿ, ಕವರ್ ಒಳಗೆ. ಒಂದು ಚಿಟಿಕೆಗೂ ಕಡಿಮೆ. ಒರೆಸುವಾಗ ಸಂದಿನಿಂದ ಒಳಗೆ ಉದುರಿರಬೇಕು. ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು.

ಡೇಲ್ ಸಾನ್ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಬೋರ್ಡಿನ ಮೇಲೆ ಬರೆದರು. ತಪ್ಪು ಪೀಸು ಪಾಸಾದದ್ದು ಯಾಕೆ? ಅಳತೆ ತಪ್ಪಿತು. ಯಾಕೆ? ತೋಳು ಸರಾಗ ಸರಿಯಲಿಲ್ಲ. ಯಾಕೆ? ಪುಡಿ. ಯಾಕೆ? ಐದು ಸಲ ಯಾಕೆ ಕೇಳಬೇಕಂತೆ. ಯಾರು ಎಂದು ಒಂದು ಸಲವೂ ಕೇಳಬಾರದಂತೆ. ನಮ್ಮಲ್ಲಿ ‘ಯಾಕೆ’ ಅಂದರೆ ಬೈಗುಳ ಶುರುವಾಯಿತು ಅಂತ. ಇಲ್ಲಿ ಬೈಗುಳವೇ ಇಲ್ಲ, ಬರೀ ಯಾಕೆ. ಹದಿನಾಲ್ಕು ಜನ ನೆಲ ನೋಡಿಕೊಂಡು ನಿಂತಿದ್ದೆವು.

‘ಯಾರು’ ಎಂದು ಕೇಳಿದವರು ಎಚ್‌ಆರ್ ಗಿರಿರಾಜ್. “ರೂಮ್ ಕ್ಲೀನ್ ಮಾಡೋರು ಯಾರ್ರೀ?”

ಹಿಂದಿನಿಂದ ಮುನಿಯಪ್ಪ ಮುಂದೆ ಬಂದರು. “ನಾನು ಸಾರ್. ಪೂಜೆ ದಿನ ಒಳಗ್ ಹೋಗಿದ್ದೆ. ಕೈಯಾಗೆ ಕುಂಕುಮ ಇತ್ತು. ನಾನೇ ಇರ್ಬೇಕು.”

ಅವರು ನನ್ನ ಕಡೆ ನೋಡಲಿಲ್ಲ. ನನಗೂ ಅವರಿಗೂ ನಡುವೆ ಒಂದು ಕುರ್ಚಿ ಅಷ್ಟೆ.

ಗಿರಿರಾಜ್ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದರು. ಡೇಲ್ ಸಾನ್ ಮುನಿಯಪ್ಪನವರನ್ನೇ ನೋಡಿದರು, ಆಮೇಲೆ ಬೋರ್ಡು ನೋಡಿದರು. “ಇದು ಉತ್ತರ ಅಲ್ಲ. ಇನ್ನೂ ‘ಯಾಕೆ’ ಮುಗಿದಿಲ್ಲ,” ಎಂದರು. ಅಷ್ಟರಲ್ಲಿ ಚೆನ್ನೈಗೆ ಹೊರಡಲು ಕಾರು ಬಂತು. ಕಸ್ಟಮರ್ ಹತ್ತಿರ ಕ್ಷಮೆ ಕೇಳಲು ಹೋದರು. ಹದಿನಾಲ್ಕಕ್ಕೆ ವಾಪಸ್.

ಮುನಿಯಪ್ಪ ಯಾಕೆ ಹಾಗಂದರು? ಆ ದಿನ ಅವರು ಒಳಗೆ ಹೋಗಿರಲೇ ಇಲ್ಲ. ಕೋಣೆಯ ಬೀಗದ ಕೈ ಇಡೀ ದಿನ ನನ್ನ ಹತ್ತಿರವೇ ಇತ್ತು. ತಲೆಬುಡ ಅರ್ಥವಾಗುತ್ತಿಲ್ಲ. ನಾನು ಯಾಕೆ ಬಾಯಿ ಬಿಡಲಿಲ್ಲ ಅನ್ನುವುದೂ.

ಅ. 10, ಶುಕ್ರವಾರ

ಬಸ್ಸಿನಲ್ಲಿ ಮುನಿಯಪ್ಪ ಇಲ್ಲ.

ಗಿರಿರಾಜ್‌ರನ್ನು ಕೇಳಿದೆ. “ಕಾಂಟ್ರಾಕ್ಟರ್‌ಗೆ ಹೇಳಿ ವಾಪಸ್ ಕಳಿಸಿದೀವಿ. ಲಿಸ್ಟಿಂದಾನೂ ಹೆಸರು ತೆಗ್ದಾಯ್ತು. ನಿಮ್ ರೂಮ್ ರೀ ಲತಾ, ನಿಮ್ ತಲೆಗೇ ಬರೋದಿತ್ತು. ಬಚಾವ್ ಅಂದ್ಕೊಳ್ಳಿ.”

“ಲಿಸ್ಟು ಸೋಮವಾರ ಹೋಗೋದಲ್ವಾ ಸಾರ್? ಡೇಲ್ ಸಾನ್ ಬಂದ್ಮೇಲೆ...”

“ಅವ್ರ್ ಬರೋದು ಮಂಗಳವಾರ. ಆಗೋದು ಆಯ್ತು ಬಿಡಿ.”

ಮನೆಗೆ ಬಂದು ಮೋಹನ್‌ಗೆ ಎಲ್ಲ ಹೇಳಿದೆ. ಟಿವಿ ಸೌಂಡ್ ಕಮ್ಮಿ ಮಾಡಿ ಕೇಳಿದರು, ಅಷ್ಟರಮಟ್ಟಿಗೆ ಪುಣ್ಯ.

“ನಿನ್ ಹೆಸ್ರು ಯಾರಾದ್ರೂ ಎತ್ತಿದ್ರಾ?”

“ಇಲ್ಲ.”

“ಮತ್ತೆ? ಸುಮ್ನಿರು. ಆ ಯಪ್ಪಂಗೆ ಬೇರೆ ಎಲ್ಲಾದ್ರೂ ಹಾಕ್ಕೊಡ್ತಾರೆ. ನೀನು ಹೋಗಿ ನಾನೇ ಅಂದ್ರೆ ಲೋನ್ ಯಾರ್ ಕಟ್ತಾರೆ?”

ಅತ್ತೆಯದು ಬೇರೆಯೇ ರಾಗ. “ಪೂಜೆ ಮಾಡಿದ್ದು ತಪ್ಪಾ? ಕುಂಕುಮಕ್ಕೆ ಕೆಡೋ ಮಷಿನ್ನು ಅದೆಂಥ ಮಷಿನ್ನೇ?” ಈ ಮನೆಯಲ್ಲಿ ಯಾರನ್ನು ಕೇಳಿದರೂ ನನ್ನದು ತಪ್ಪಿಲ್ಲ.

ಡೇಲ್ ಸಾನ್ ನಂಬರ್ ಫೋನಿನಲ್ಲೇ ಇದೆ. ತೆಗೆದು ನೋಡಿದೆ. ಮಾಡಲಿಲ್ಲ. ಅಲ್ಲಿ ಕಸ್ಟಮರ್ ಎದುರು ಕೂತಿರುತ್ತಾರೆ, ತೊಂದರೆ ಕೊಡುವುದು ಬೇಡ ಅಂದುಕೊಂಡೆ. ಎಂಥ ಒಳ್ಳೆಯ ಬುದ್ಧಿ ನನ್ನದು.

ಅ. 13, ಸೋಮವಾರ

ಇವತ್ತು ಹದಿಮೂರು. ಸಂಜೆ ನಾಲ್ಕಕ್ಕೆ ಲಿಸ್ಟು ಹೋಯಿತು. ಎರಡೇ ಹೆಸರು.

ಅ. 15, ಬುಧವಾರ

ಹೇಳಿದೆ.

ಬೆಳಿಗ್ಗೆ ಡ್ರಿಲ್ ಮುಗಿದ ಕೂಡಲೇ ಡೇಲ್ ಸಾನ್ ರೂಮಿಗೆ ಹೋದೆ. ಇಂಗ್ಲಿಷ್ ಎಲ್ಲ ಮರೆತುಹೋಯಿತು. ಕುಂಕುಮ ನಾನು ಸಾರ್, ಮುನಿಯಪ್ಪ ಅಲ್ಲ ಸಾರ್, ನಾನು ಸಾರ್. ಅಷ್ಟನ್ನೇ ಮೂರು ಸಲ ಹೇಳಿದೆ. ಕೆಲಸ ಹೋಯಿತು ಅಂತಲೇ ಮನೆಯಿಂದ ಹೊರಟಿದ್ದೆ, ನನ್ನ ಲಂಚ್ ಬಾಕ್ಸ್ ಕೂಡ ತಂದಿರಲಿಲ್ಲ.

ಅವರು ಎದ್ದು ನಿಂತರು. “ಥ್ಯಾಂಕ್ ಯೂ, ಲತಾ ಸಾನ್,” ಎಂದರು.

ಥ್ಯಾಂಕ್ಸಂತೆ! ತಲೆ ಕೆಟ್ಟು ಹೋಯಿತು. ಉಗಿದು ಉಪ್ಪಿನಕಾಯಿ ಹಾಕಿದ್ದರೆ ಅತ್ತು ಹಗುರವಾಗುತ್ತಿದ್ದೆ. ಈ ಥ್ಯಾಂಕ್ಸ್ ತೆಗೆದುಕೊಂಡು ಏನು ಮಾಡಲಿ? “ಬೈಯಿರಿ ಸಾರ್” ಅಂದೇಬಿಟ್ಟೆ. ಕೆಟ್ಟ ಸುದ್ದಿ ತಂದವರನ್ನು ಬೈದರೆ ಮುಂದಿನ ಸಲ ಯಾರೂ ತರುವುದಿಲ್ಲ ಅಂದರು. ಆಮೇಲೆ ಮತ್ತೆ ಅದೇ. ಬೇಡ ಅಂದ ಮೇಲೂ ಯಾಕೆ ಇಟ್ಟಿರಿ? ಕೋಪವಿಲ್ಲ, ನಿಜಕ್ಕೂ ಗೊತ್ತಾಗಬೇಕಿತ್ತು ಅವರಿಗೆ. ಹೊಸ ಮಷಿನ್, ಮೊದಲ ಪೂಜೆ, ಬರಿ ಹಣೆ, ಎಲ್ಲ ಹೇಳಿದೆ. ಅರ್ಧ ಗಂಟೆ ಬರೆದುಕೊಂಡರು.

“ನಾನು ಬೇಡ ಅಂದೆ. ಅದು ನಿಮಗೆ ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ಐದನೇ ‘ಯಾಕೆ’ ಇದು,” ಎಂದು ತಮ್ಮ ಹೆಸರನ್ನೇ ಬರೆದುಕೊಂಡರು. ತಪ್ಪು ನಾನು ಮಾಡಿದರೆ ಅವರ ಹೆಸರು ಹೇಗೆ? ನನಗೆ ಮೆಮೋ ಇಲ್ಲ, ಸಂಬಳ ಕಡಿತ ಇಲ್ಲ. ಒಂದು ವಾರ ಎಲ್ಲ ಲೋಡನ್ನೂ ಕೈಯಿಂದ ಮತ್ತೆ ಅಳೆಯಬೇಕು. ಅಷ್ಟೆ.

ಮುನಿಯಪ್ಪನವರನ್ನು ಕರೆಸಿ ಅಂದರು. ಅವರನ್ನು ತೆಗೆದ ವಿಷಯವೇ ಡೇಲ್ ಸಾನ್‌ಗೆ ಗೊತ್ತಿರಲಿಲ್ಲ. ಲಿಸ್ಟಿನ ವಿಷಯ ಹೇಳಿದಾಗ ಮುಖ ಇಳಿಯಿತು. “ಯಾವತ್ತು ಹೋಯಿತು?”

“ಸೋಮವಾರ ಸಾರ್.”

“ನನಗೆ ಫೋನ್ ಮಾಡಬಹುದಿತ್ತು,” ಎಂದರು. ಅದನ್ನೂ ಮೆಲ್ಲಗೇ ಹೇಳಿದರು.

ಅ. 17, ಶುಕ್ರವಾರ

ಜಪಾನಿನಿಂದ ಉತ್ತರ ಬಂತು. ಲಿಸ್ಟು ತೆರೆಯುವುದು ‘ಸ್ವಲ್ಪ ಕಷ್ಟ’ ಅಂತ. ಸ್ವಲ್ಪ ತಾನೇ, ಇನ್ನೊಂದು ಸಲ ಕೇಳಿ ಸಾರ್ ಅಂದೆ. ಅಲ್ಲಿ ಸ್ವಲ್ಪ ಕಷ್ಟ ಅಂದರೆ ಸಾಧ್ಯವೇ ಇಲ್ಲ ಅಂತ ಅರ್ಥವಂತೆ, ಅದನ್ನು ಕಲಿಯಲು ತಮಗೆ ಎರಡು ವರ್ಷ ಹಿಡಿಯಿತಂತೆ. ಆದರೂ ಮತ್ತೆ ಕೇಳಿದರು. ಗೋಡೆಗೆ ಇವತ್ತು ಎಷ್ಟು ಸಲ ಬಗ್ಗಿದರೋ. ಮಧ್ಯಾಹ್ನ ಮತ್ತೆ ಉತ್ತರ. ಈ ಸಲ ‘ಬಹಳ ಕಷ್ಟ’.

ಮುನಿಯಪ್ಪ ದೀಪಾವಳಿ ಮುಗಿದ ಮೇಲೆ, ಇಪ್ಪತ್ಮೂರಕ್ಕೆ ಕೆಲಸಕ್ಕೆ ಬರಬಹುದು. ಕಾಂಟ್ರಾಕ್ಟ್‌ನಲ್ಲೇ. ಮುಂದಿನ ವರ್ಷ ಅವರಿಗೆ ಐವತ್ತೈದು ದಾಟಿರುತ್ತದೆ.

ಲೆಕ್ಕ ಹಾಕುವುದೇನೂ ಇಲ್ಲ. ಹತ್ತು, ಹನ್ನೊಂದು, ಹನ್ನೆರಡು. ಈ ಮೂರರಲ್ಲಿ ಯಾವ ದಿನ ಹೇಳಿದ್ದರೂ ಆಗುತ್ತಿತ್ತು.

ನಾಳೆ ಅವರ ಮನೆಗೆ ಹೋಗಬೇಕಂತೆ. ಡೇಲ್ ಸಾನ್ ಖುದ್ದು ಬರುತ್ತಾರೆ. ಗಿರಿರಾಜ್ ತಲೆ ಚಚ್ಚಿಕೊಂಡರು. “ಹೌಸ್‌ಕೀಪಿಂಗ್‌ನವ್ನ ಮನೆಗೆ ಪ್ಲಾಂಟ್ ಹೆಡ್ಡಾ? ನಾಳೆ ಎಲ್ರೂ ಮನೆಗ್ ಕರೀತಾರೆ.” ಕನ್ನಡಕ್ಕೆ ನಾನು ಬೇಕಂತೆ.

ಅ. 18, ಶನಿವಾರ, ಸಂಜೆ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಬಾಪೂಜಿ ನಗರದ ಆ ಗಲ್ಲಿಗೆ ಕಾರು ಹೋಗಲಿಲ್ಲ. ಮೇನ್ ರೋಡಿನಲ್ಲಿ ನಿಲ್ಲಿಸಿ ನಡೆದೆವು. ಡೇಲ್ ಸಾನ್ ಕೋಟು, ಟೈ. ಕೈಯಲ್ಲಿ ವಿಜಯನಗರದ ಅಂಗಡಿಯಿಂದ ಕಟ್ಟಿಸಿದ ಸ್ವೀಟ್ ಡಬ್ಬಿ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಮುನಿಯಪ್ಪ ಲುಂಗಿಯಲ್ಲಿ ಇದ್ದವರು ನಮ್ಮನ್ನು ನೋಡಿ ಒಳಗೆ ಓಡಿ ಪ್ಯಾಂಟ್ ಹಾಕಿಕೊಂಡು ಬಂದರು. ಒಂದೇ ರೂಮು, ಅಡ್ಡಕ್ಕೆ ಪರದೆ. ಅಕ್ಕಯ್ಯಮ್ಮ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಹಾಕಿದರು.

ಡೇಲ್ ಸಾನ್ ಕೂರಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟು, ಸೊಂಟದಿಂದ ಪೂರ್ತಿ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಮುನಿಯಪ್ಪ ಗಾಬರಿಯಾಗಿ, “ಅಯ್ಯೋ ಏಳಿ ಸಾರ್, ಏನಿದು ಸಾರ್” ಎಂದು ಇವರ ಕಾಲಿಗೆ ಬೀಳಲು ಹೋದರು. ಇವರು ಇನ್ನೂ ಕೆಳಗೆ ಬಗ್ಗಿದರು. ಬಾಗಿಲಲ್ಲಿದ್ದ ಹುಡುಗಿಯರು ನಕ್ಕರು. ನನಗೂ ಒಂದು ಗಳಿಗೆ ನಗು ಬಂದಿತ್ತು, ದೇವರೇ.

ನೀವು ಹೇಳಿದ ಮಾತನ್ನು ವಿಚಾರಿಸದೆ ಬಿಟ್ಟೆ, ನಾನಿಲ್ಲದಾಗ ನಿಮ್ಮನ್ನು ಕಳಿಸಿದರು, ಅದಕ್ಕೆ ನಾನೇ ಹೊಣೆ, ನಿಮ್ಮ ಹನ್ನೆರಡು ವರ್ಷಕ್ಕೆ ನನ್ನಿಂದ ಅನ್ಯಾಯವಾಯಿತು ಅಂದರು ಡೇಲ್ ಸಾನ್. ಒಂದೊಂದು ಸಾಲೂ ಕನ್ನಡ ಮಾಡಿ ಹೇಳಿದೆ. “ಸಾರ್ ಕ್ಷಮೆ ಕೇಳ್ತಾ ಇದಾರೆ ಮುನಿಯಪ್ಪ. ಸಾರ್‌ಗೆ ತುಂಬಾ ಬೇಜಾರಾಗಿದೆ.” ಎಲ್ಲೂ ತಡವರಿಸಲಿಲ್ಲ. ಆಫೀಸಿನಲ್ಲಿ ಟ್ರೈನಿಂಗ್ ಕೊಡುವ ಹಾಗೆ ಹೇಳಿದೆ.

ಕಾಫಿ ಕುಡಿದ ಮೇಲೆ ಡೇಲ್ ಸಾನ್ ತಮ್ಮ ‘ಯಾಕೆ’ ಕೇಳಿದರು. ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡಿರಿ?

ಮುನಿಯಪ್ಪ ನನ್ನ ಕಡೆ ತಿರುಗಿ ಹೇಳಿದರು. “ನೀವ್ ಇಡೋದು ನೋಡ್ದೆ ಮೇಡಂ, ಬಾಗ್ಲ ಗಾಜಿಂದ ಕಾಣ್ತದಲ್ಲ. ಯಾರೂ ಬರ್ದಂಗೆ ಬಾಗ್ಲಲ್ಲಿ ನಾನೇ ನಿಂತ್ಕಂಡಿದ್ದೆ. ನಾನೂ ಅಲ್ಲಿಂದ್ಲೇ ಕೈ ಮುಗ್ದು, ನೀವ್ ಹೊರಗ್ ಬರೋ ಹೊತ್ಗೆ ಸರ್ಕಂಡೆ. ಆಮ್ಯಾಕೆ ಅದನ್ನ ತಪ್ಪು ಅಂತ ಯಾವ್ ಬಾಯಲ್ಲಿ ಹೇಳ್ಲಿ? ನೀವೇ ಹೇಳ್ತೀರಾ ಅನ್ಕಂಡಿದ್ದೆ.”

ಏನಂದರು ಎಂದು ಡೇಲ್ ಸಾನ್ ಕೇಳಿದರು.

“ಪರವಾಗಿಲ್ಲ ಅಂತಿದಾರೆ ಸಾರ್,” ಎಂದೆ.

ಹೊರಡುವಾಗ ಡೇಲ್ ಸಾನ್ ಗಲ್ಲಿಯ ತುದಿಗೆ ಹೋಗಿದ್ದರು. ಅಕ್ಕಯ್ಯಮ್ಮ ನನಗೆ ಅರಿಶಿನ ಕುಂಕುಮ ಕೊಟ್ಟರು. ಹೊಸಿಲಲ್ಲಿ ನಿಂತು, ಜೋರಾಗಿ ಅಲ್ಲ, ಹೀಗಂದರು: “ಆ ದೊಡ್ಡೋರ್ ಹೇಳಿದ್ದೆಲ್ಲ ನಮ್ಗೆ ತಿಳಿಯಂಗೆ ಹೇಳುದ್ರಿ ತಾಯಿ. ನಿಮ್ದು ಅಂತ ನೀವೇನೂ ಹೇಳ್ಲಿಲ್ವಲ್ಲ.”

“ಸುಮ್ನಿರೇ,” ಎಂದು ಒಳಗಿನಿಂದ ಮುನಿಯಪ್ಪ ಗದರಿದರು.

ನಾನು ನಕ್ಕೆ. ಯಾಕೆ ನಕ್ಕೆನೋ. “ಬರ್ತೀನಿ ಅಕ್ಕಯ್ಯಮ್ಮ,” ಅಂದು ಓಡಿ ಬಂದುಬಿಟ್ಟೆ.

ಕಾರಿನಲ್ಲಿ ಡೇಲ್ ಸಾನ್ ಏನೋ ಹೇಳುತ್ತಿದ್ದರು. ಜಪಾನಿನಲ್ಲಿ ಮೊದಲ ವರ್ಷ ಇವರೊಂದು ತಪ್ಪು ಮಾಡಿ, ತಪ್ಪಿಗೆ ಕಾರಣಗಳನ್ನು ಅಮೆರಿಕದ ರೀತಿಯಲ್ಲಿ ಚೆನ್ನಾಗಿ ವಿವರಿಸಿದ್ದರಂತೆ, ಅಲ್ಲಿಯವರಿಗೆ ಬೇಕಿದ್ದದ್ದು ಕಾರಣ ಅಲ್ಲ, ಕ್ಷಮೆ ಅಂತೆ. ನನ್ನ ಕಿವಿಗೆ ಹೋಗಲಿಲ್ಲ. ದೀಪಾಂಜಲಿ ನಗರ ಬಂತು, ಇಳಿದೆ.

ಹೇಳಿಲ್ಲ. ಹೌದು, ಹೇಳಿಲ್ಲ. ಡೇಲ್ ಸಾನ್‌ಗೆ ಹೇಳಿದೆ, ಮೋಹನ್‌ಗೆ ಹೇಳಿದೆ, ಅತ್ತೆಗೆ ಹೇಳಿದೆ. ಯಾರಿಗೆ ಹೇಳಬೇಕಿತ್ತೋ ಅವರೆದುರು ಮುಕ್ಕಾಲು ಗಂಟೆ ನಿಂತು ಇನ್ನೊಬ್ಬರ ಕ್ಷಮೆ ಹೇಳಿ ಬಂದೆ.

ಅ. 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ಸ್ನಾನ. ಮಧ್ಯಾಹ್ನ ಬಾಪೂಜಿ ನಗರಕ್ಕೆ ಹೊರಟೆ. ಗಲ್ಲಿಯ ಬಾಯಿಗೆ ಹೋಗಿ ಹೂವು ಕೊಂಡು ವಾಪಸ್ ಬಂದೆ. ಎಷ್ಟು ದೂರ ಹೋಗಿದ್ದೆ ಹೂವಿಗೆ ಎಂದು ಅತ್ತೆ ಕೇಳಿದರು. ಇಲ್ಲಿ ಚೆನ್ನಾಗಿರಲಿಲ್ಲ ಅಂದೆ.

ಅ. 23, ಗುರುವಾರ, ಬೆಳಿಗ್ಗೆ 6.10

ಇವತ್ತು ಮುನಿಯಪ್ಪ ಬರುತ್ತಾರೆ. ನನಗಿಂತ ಮುಂಚಿನ ಸ್ಟಾಪಿನಲ್ಲೇ ಹತ್ತಿರುತ್ತಾರೆ. ಆರೂಮುಕ್ಕಾಲಿಗೆ ಬಸ್ಸು.

ಆಫೀಸಿಗೆ ಹೋಗಿ ಹೇಳೋಣ ಅನ್ನಿಸುತ್ತಿದೆ. ಬೇಡ. ಅಲ್ಲಿ ಹೇಳಿದರೆ ಕೆಲಸದ ಮಾತಾಗಿಬಿಡುತ್ತದೆ. ಬಸ್ಸಿನಲ್ಲೇ. ಹತ್ತಿದ ಕೂಡಲೇ, ಕೂರುವ ಮುಂಚೆ, ಎಲ್ಲರೆದುರು. ಮೀಟಿಂಗಿನಲ್ಲಿ ಅವರು ಎಲ್ಲರೆದುರೇ ತಾನೇ ಹೇಳಿದ್ದು.

ಹೇಗೆ ಶುರು ಮಾಡುವುದು? ಡೇಲ್ ಸಾನ್ ಮಾತೆಲ್ಲ ಬಾಯಿಪಾಠ ಬಂದಂತೆ ಹೇಳಿದವಳಿಗೆ ಈಗ ಒಂದು ಸಾಲು ಬರುತ್ತಿಲ್ಲ. ಬರೆದುಕೊಂಡೇ ಹೋಗುತ್ತೇನೆ. ಕಾರಣ ಬೇಡ. ಲೋನ್ ಬೇಡ, ಮೋಹನ್ ಹೇಳಿದ್ದು ಬೇಡ, ಭಯವಾಯಿತು ಅನ್ನುವುದೂ ಬೇಡ.

ಮುನಿಯಪ್ಪ, ಕುಂಕುಮ ಇಟ್ಟಿದ್ದು ನಾನು. ನೀವು ನಾನೇ ಅಂದಾಗ ಒಂದು ಕುರ್ಚಿ ಆಚೆ ನಿಂತುಕೊಂಡು ಸುಮ್ಮನಿದ್ದವಳೂ ನಾನು. ನಿಮ್ಮ ಹೆಸರು ತೆಗೆದಿದ್ದಾರೆ ಅಂತ ಹತ್ತನೇ ತಾರೀಕೇ ಗೊತ್ತಿತ್ತು. ಹದಿಮೂರು ಅಂತಲೂ ಗೊತ್ತಿತ್ತು. ನಿಮ್ಮ ಪರ್ಮನೆಂಟ್ ಹೋಗಿದ್ದು ನನ್ನಿಂದ, ಅದನ್ನು ನಾನು ವಾಪಸ್ ತರೋಕಾಗಲ್ಲ. ಅಕ್ಕಯ್ಯಮ್ಮಂಗೂ ಬಂದು ಹೇಳ್ತೀನಿ. ದಯವಿಟ್ಟು ನನ್ನನ್ನ... ಆರೂವರೆ ಆಯಿತು, ಉಳಿದದ್ದನ್ನು ಬಸ್ಸಿನಲ್ಲೇ ಹೇಳಬೇಕು.